ಚಾರ್ಮಾಡಿಯಿಂದ ಸುದ್ದಿ ಬರಲಿಲ್ಲ

"ಶಶಿಪ್ರಭಾ, ನನ್ನನ್ನು ಮದುವೆ ಆಗ್ತೀರಾ?"

ಬಂಟ್ವಾಳದಲ್ಲಿ ಮೂಡಬಿದ್ರೆಯ ಬಸ್ಸಿನ ಬಾಗಿಲಿಗೆ ಒಂದು ಕಾಲಿಟ್ಟಿದ್ದ ಶಶಿಪ್ರಭಾ ಹಾಗೆಯೇ ನಿಂತುಬಿಟ್ಟಳು.

ಕೇಳಿದವನು ಲೋಕನಾಥ. ಮಂಗಳೂರಿನ ಕಾಲೇಜಿನಲ್ಲಿ ಅವಳ ಸಹಪಾಠಿ. ಈಗ ಬೆಳ್ತಂಗಡಿಯಲ್ಲಿ ದನದ ಡಾಕ್ಟರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಹಳೆಯ ಗೆಳೆಯರೆಲ್ಲ ವಕೀಲ ಸುಧಾಕರನ ಮನೆಯಲ್ಲಿ ಸೇರಿ, ಉಂಡು, ಹರಟಿ ಹೊರಟ ದಿನವದು. 1963ರ ಬೇಸಿಗೆ.

"ಈ ಪ್ರಾಯದಲ್ಲಾ?" ಎಂದಷ್ಟೇ ಅವಳ ಬಾಯಿಂದ ಬಂತು.

ಮುಂದಿನ ಮಾತು ಗಂಟಲಲ್ಲಿ ಇರುವಾಗಲೇ ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದಾಗ ಲೋಕನಾಥ ತಲೆ ತಗ್ಗಿಸಿ ನಡೆದು ಹೋಗುತ್ತಿದ್ದ.

ಮೂಡಬಿದ್ರೆಯ ಶಾಲೆಯಲ್ಲಿ ಅವಳು ಟೀಚರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಮದುವೆಯ ವಯಸ್ಸು ಕಳೆದಿತ್ತು. ಹಿಂದಿನ ವರ್ಷ ತಾಯಿಯೂ ಹೋದಳು.

'ಇನ್ನೊಮ್ಮೆ ಕೇಳಿದರೆ ಹೇಳುತ್ತೇನೆ' ಎಂದುಕೊಂಡಳು. ಅವನು ಕೇಳಲಿಲ್ಲ. ತಾನಾಗಿ ಹೇಳುವುದು ಹೇಗೆ...? ಅದಕ್ಕೆ ಅವಳಿಗೆ ಧೈರ್ಯ ಬರಲಿಲ್ಲ.

ಮಳೆಗಾಲ ಹಿಡಿಯಿತು. ಗೆಳೆಯರ ಸುದ್ದಿ ತರುವವನು ಶರೀಫ್, ಫರಂಗಿಪೇಟೆಯ ಜವಳಿ ವ್ಯಾಪಾರಿ. ಅವನೂ ಅದೇ ಕ್ಲಾಸಿನವನು. ಮೂಡಬಿದ್ರೆಗೆ ಬಂದಾಗಲೆಲ್ಲ ಶಾಲೆಯ ಜಗಲಿಯಲ್ಲಿ ನಿಂತು, ವಿನೋದಾಳಿಗೆ ಮೊಮ್ಮಗ ಹುಟ್ಟಿದ, ಸುಧಾಕರನಿಗೆ ಸಕ್ಕರೆ ಕಾಯಿಲೆ ಎಂದು ಒಂದೊಂದಾಗಿ ಹೇಳುವನು.

ಆ ದಿನ ಮಾತ್ರ ಅವನು ಕೊಡೆ ಮಡಚಲೂ ಮರೆತಿದ್ದ.

"ಎಂತ ಆಯಿತು, ಶರೀಫ್?"

"ಲೋಕುವಿನ ಸುದ್ದಿಯೇ ಇಲ್ಲ ಮಾರಾಯ್ರೇ. ಚಾರ್ಮಾಡಿ ಹತ್ತಿರ ಯಾರದೋ ದನ ನೋಡ್ಲಿಕ್ಕೆ ಜೀಪಿನಲ್ಲಿ ಹೋದವ... ಗುಡ್ಡೆ ಜರಿದಿದೆ. ಜೀಪು ಮಣ್ಣಿನಡಿ ಕಾಣ್ತದಂತೆ."

ಶಶಿಪ್ರಭಾ ಗೋಡೆ ಹಿಡಿದುಕೊಂಡಳು.

"ಒಳಗೆ...?"

"ಗೊತ್ತಿಲ್ಲ. ಇನ್ನೂ ಅಗೀತಾ ಇದ್ದಾರೆ." ಶರೀಫ್ ದನಿ ತಗ್ಗಿಸಿದ. "ನಿಮಗೆ ಹೇಳುವುದಾ ಬೇಡವಾ ಅಂತ ಇತ್ತು. ನೀವು ಅವನನ್ನು ಬೇಡ ಅಂದಿರಂತಲ್ಲ."

"ನಾನು ಬೇಡ ಅನ್ನಲಿಲ್ಲ, ಶರೀಫ್."

ಶರೀಫ್ ಅವಳ ಮುಖವನ್ನೇ ನೋಡಿದ. ಆಮೇಲೆ ಮೆತ್ತಗೆ ಹೇಳಿದ, "ಹಾಗಾದ್ರೆ ಹೋಗುವ. ವೇಣೂರಿನ ಮೇಲೆ ಬೆಳ್ತಂಗಡಿಗೆ ಹೋಗುವ ಬಸ್ಸು ಉಂಟು. ನಾನೂ ಬರ್ತೇನೆ."

ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿದವನೊಬ್ಬ, "ಒಂದು ಹೆಣ ಸಿಕ್ಕಿದೆಯಂತೆ" ಎಂದ. ಪಕ್ಕದವನು, "ಅದು ಎಮ್ಮೆ ಅಂತ ಕಾಣ್ತದೆ" ಎಂದ. ಶಶಿಪ್ರಭಾ ಕಿಟಕಿಯತ್ತ ಮುಖ ತಿರುಗಿಸಿದಳು. 'ಒಂದು ಮಾತು... ಒಂದೇ ಒಂದು ಮಾತು ಆ ದಿನ ಹೇಳಬಾರದಿತ್ತೇ ನಾನು?'

ಬೆಳ್ತಂಗಡಿಯ ಅವನ ಮನೆಯಂಗಳದ ತುಂಬ ಜನ. ಅವಳು ಗೇಟಿನಲ್ಲೇ ನಿಂತಳು. ಜನ ಸೇರಿದ ಅಂಗಳವೆಂದರೆ...

ಒಳಗಿನಿಂದ ಲೋಕನಾಥನ ಅಕ್ಕ ಕಾಂತಿ ಬಂದಳು. ಅತ್ತು ಕಣ್ಣು ಬಾತಿತ್ತು.

"ಇನ್ನೂ ಎಂತದೂ ಗೊತ್ತಾಗಲಿಲ್ಲ. ನೀವು ಯಾರು?"

ಗಂಡಸರೆಲ್ಲ ತಿರುಗಿ ನೋಡಿದರು. ಸಹಪಾಠಿ ಎನ್ನಬಹುದಿತ್ತು. ಟೀಚರು ಎನ್ನಬಹುದಿತ್ತು. ಆದರೆ ಅವಳು ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಿಮ್ಮ ತಮ್ಮ ನನ್ನನ್ನು ಮದುವೆಗೆ ಕೇಳಿದ್ದರು. ಆಗ್ತೇನೆ ಅಂತ ಹೇಳ್ಲಿಕ್ಕೆ ಬಂದಿದ್ದೇನೆ."

ಜಗಲಿಯ ಬೆಂಚಿನ ಮೇಲಿದ್ದ ನೆರೆಮನೆಯ ಮುದುಕ ಮುಂಡಪ್ಪ ಎದ್ದು ಜಾಗ ಬಿಟ್ಟ. "ಕೂತುಕೊಳ್ಳಿ ಅಮ್ಮ. ನಿಂತು ಕಾಯ್ಲಿಕ್ಕೆ ಆಗುವುದಿಲ್ಲ."

ಕಾಂತಿ ಅವಳ ಕೈ ಹಿಡಿದು ಪಕ್ಕದಲ್ಲೇ ಕುಳಿತಳು. ಮಳೆ ಬಂತು, ನಿಂತಿತು, ಮತ್ತೆ ಬಂತು. ಹಿಡಿದ ಕೈಯನ್ನು ಇಬ್ಬರೂ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಗೇಟಿನ ಹತ್ತಿರ ಗದ್ದಲವಾಯಿತು.

"ಡಾಕ್ಟ್ರು! ಡಾಕ್ಟ್ರು ಬಂದರು!"

ಮೈಯೆಲ್ಲ ಕೆಸರು, ಬರಿಗಾಲು. ಲೋಕನಾಥ ಜೀಪಿನ ಡ್ರೈವರನ ಹೆಗಲು ಹಿಡಿದು ಕುಂಟುತ್ತ ಬಂದ. ಗುಡ್ಡೆ ಜರಿದಾಗ ಇಬ್ಬರೂ ಮೇಲಿನ ಮನೆಯ ದನದ ಹಟ್ಟಿಯಲ್ಲಿ, ಕರು ಹಾಕಲಾಗದೆ ಒದ್ದಾಡುತ್ತಿದ್ದ ಹಸುವಿನ ಬಳಿ ಇದ್ದರು. ರಸ್ತೆ ಮುಚ್ಚಿದ್ದರಿಂದ ಕಾಡಿನ ಕಾಲುದಾರಿ ಹಿಡಿದು ಸುತ್ತಿ ಬಂದಿದ್ದರು.

ಕಾಂತಿ ಓಡಿ ಹೋಗಿ ತಮ್ಮನನ್ನು ತಬ್ಬಿಕೊಂಡು ಅತ್ತಳು. ಕಿವಿಯಲ್ಲಿ ಏನೋ ಹೇಳಿದಳು.

ಲೋಕನಾಥ ತಲೆಯೆತ್ತಿ ಜಗಲಿಯತ್ತ ನೋಡಿದ. ಶಶಿಪ್ರಭಾ ಎದ್ದು ನಿಂತಿದ್ದಳು.

ಅವನು ನಿಧಾನವಾಗಿ ಹತ್ತಿರ ಬಂದ.

"ಊರಿಗೆಲ್ಲ ಹೇಳಿದಿರಂತೆ. ನನಗೊಬ್ಬನಿಗೆ ಹೇಳಲಿಲ್ಲ."

"ನೀವು ಮನೆಯಲ್ಲಿ ಇರಲಿಲ್ಲ," ಎಂದಳು. ಆಗ ಅಳು ಬಂತು.

"ಈಗ ಇದ್ದೇನೆ."

ಕೆಸರಾದ ಕೈಯಿಂದ ಮುಟ್ಟುವುದೋ ಬೇಡವೋ ಎಂದು ಅವನು ಅನುಮಾನಿಸಿದ. ಅವಳೇ ಆ ಕೈ ಹಿಡಿದುಕೊಂಡಳು.

"ಆಗ್ತೇನೆ," ಎಂದಳು ಮೆಲ್ಲನೆ. "ಕೇಳಿತಾ?"

"ಕೇಳಿತು... ಆದರೂ ಇನ್ನೊಮ್ಮೆ ಹೇಳಿ."

"ಮೊದಲು ಕಾಲು ತೊಳೆದು ಬನ್ನಿ. ನಾನು ಇಲ್ಲೇ ಇರ್ತೇನೆ."