ನಾಲ್ಕನೇ ಲೋಟ

"ಷಾಂಪೇನ್‌ನಲ್ಲಿ ಎಲ್ಲಕ್ಕಿಂತ ಸೊಕ್ಕಿನ ಬಾಟಲಿ ಯಾವುದು?" ಎಂದು ನೀಲಾಂಬಿಕಾ ಕೇಳಿದಾಗ ಮೋಹನ್ ಕುಮಾರ್ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದರು.

ಬಸವೇಶ್ವರನಗರದ ಆ ಮನೆಯ ಮಹಡಿಗೆ ಅವರು ಬಾಡಿಗೆಗೆ ಬಂದು ಮೂರು ವರ್ಷ. ಹೆಂಡತಿ ತೀರಿಹೋಗಿದ್ದರು; ದೊಡ್ಡ ಹೋಟೆಲಿನಲ್ಲಿ ವೈನ್ ಬಡಿಸುವ ಕೆಲಸದಿಂದ ನಿವೃತ್ತರು. ಕೆಳಗಿನ ಮನೆಯ ನೀಲಾಂಬಿಕಾ ಟೀಚರ್ ಲಿಂಗಪೂಜೆಯಾಗದೆ ಕಾಫಿಯನ್ನೂ ಮುಟ್ಟದವಳು.

"ನಿಮಗ್ಯಾಕೆ ಮೇಡಂ ಅದು?"

"ಗಿರಿರಾಜನಿಗೆ."

ಮೂವತ್ತು ವರ್ಷದ ಹಿಂದೆ, ಲಗ್ನಪತ್ರಿಕೆ ಅಚ್ಚಾದ ಮೇಲೆ, ವಿಭೂತಿ ಹಚ್ಚಿದವಳನ್ನು ಪಾರ್ಟಿಗೆ ಹೇಗೆ ಕರೆದೊಯ್ಯಲಿ ಎಂದು ಮದುವೆ ಮುರಿದವನು. ಅವಳು ಮತ್ತೆ ಯಾರನ್ನೂ ಒಪ್ಪಲಿಲ್ಲ. ಈಗ ಕೆಂಗೇರಿ ಉಪನಗರದಲ್ಲಿ ಅವನ ಅರವತ್ತರ ಪಾರ್ಟಿ. ಆಹ್ವಾನದ ಕೆಳಗೆ ಬರೆದಿದ್ದ: "ನೀಲಾ, ಗಿಫ್ಟ್ ಅಂತ ವಿಭೂತಿ ಗಟ್ಟಿ ತರಬೇಡ ಕಣೇ."

ಪಾಠ ನಡೆದದ್ದು ಅವಳ ಅಡುಗೆಮನೆಯಲ್ಲಿ. ಅವಳು ಮದ್ಯ ಮುಟ್ಟಳು. ಆದ್ದರಿಂದ ಸೋಡಾ, ನಿಂಬೆರಸ, ಸಕ್ಕರೆ, ನಾಲ್ಕು ಸ್ಟೀಲ್ ಲೋಟ.

"ಇದಕ್ಕೆ ಸಕ್ಕರೆನೇ ಹಾಕಿಲ್ಲ, ಬ್ರೂಟ್ ನೇಚರ್. ಚಿಟಿಕೆ ಹಾಕಿದ್ರೆ ಬ್ರೂಟ್. ಇನ್ನೂ ಸ್ವಲ್ಪ ಹಾಕಿದ್ರೆ ಎಕ್ಸ್‌ಟ್ರಾ ಡ್ರೈ."

"ಡ್ರೈ ಅಂದ್ರೆ ಸಿಹಿ ಇಲ್ಲದ್ದಲ್ವಾ? ಮತ್ತೆ ಸಕ್ಕರೆ ಯಾಕೆ?"

"ಹಳೇ ಹೆಸರು ಮೇಡಂ. ಆಗಿನವರು ಪಾಯಸದ ಹಾಗೆ ಕುಡೀತಿದ್ರು, ಅದರ ಮುಂದೆ ಇದು ಡ್ರೈ. ತಿಳಿದವರೇ ಎಡವ್ತಾರೆ. ನಾಲ್ಕನೇದು ಡೆಮಿ ಸೆಕ್, ಆ ಪಾಯಸದ ಕಡೆಯದು. ಕುಡೀರಿ."

"ಬೇಡ. ನನಗೆ ಸಿಹಿ ಸೇರಲ್ಲ. ಗಿರಿರಾಜನಿಗೆ ಆ ಮೂರನೇದರ ಬಾಟಲಿ ಕೊಡ್ಸಿ."

ಅವಳ ಕಣ್ಣಿನ ಹೊಳಪು ಕಂಡು ಮೋಹನ್ ಕುಮಾರ್ ಲೋಟ ಒರೆಸುತ್ತಾ ತಲೆ ತಗ್ಗಿಸಿದರು. "ಮೂವತ್ತು ವರ್ಷ ಒಬ್ಬನನ್ನೇ ನೆನೆದಿದ್ದೀರಿ."

"ಸೇಡಿಗೆ."

"ಯಾವುದಕ್ಕಾದ್ರೂ ಇರ್ಲಿ. ಮನಸ್ಸಲ್ಲಿ ಜಾಗ ಅವನದೇ ತಾನೇ."

ಅವಳು ನಾಲ್ಕನೇ ಲೋಟವನ್ನು ದೂರ ಸರಿಸಿದಳು.

ಭಾನುವಾರ ಮಧ್ಯಾಹ್ನ ಗಿರಿರಾಜ್ ನೆಂಟರ ನಡುವೆ ಅವಳು ತಂದ ಬಾಟಲಿ ಎತ್ತಿ ಹಿಡಿದ. "ಎಕ್ಸ್‌ಟ್ರಾ ಡ್ರೈ. ಇದರಲ್ಲಿ ಸಕ್ಕರೆ ಒಂದು ಕಾಳೂ ಇರಲ್ಲ. ಪಾಪ, ನೀಲಾಗೆ ಅಂಗಡಿಯವನು ಕೊಟ್ಟಿದ್ದೇ ಪ್ರಸಾದ."

ನೀಲಾಂಬಿಕಾ ಹಣೆಯ ವಿಭೂತಿ ಎಲ್ಲರಿಗೂ ಕಾಣುವಂತೆ ಮುಖವೆತ್ತಿದಳು. "ಸಕ್ಕರೆ ಇಲ್ಲದ್ದು ಬ್ರೂಟ್ ನೇಚರ್, ಗಿರಿರಾಜ್. ಇದು ಬ್ರೂಟ್‌ಗಿಂತ ಸಿಹಿ. ಇಷ್ಟು ವರ್ಷ ಕುಡಿದ್ಯಲ್ಲ, ಯಾರೂ ಹೇಳ್ಲಿಲ್ವಾ?"

ಯಾರೋ ಫೋನಿನಲ್ಲಿ ಹುಡುಕಿದರು. "ಆಂಟಿ ಹೇಳಿದ್ದೇ ಸರಿ ಸಾರ್."

ನಗು ಎದ್ದಿತು. ಅವನ ಕಿವಿ ಕೆಂಪಾದುದನ್ನು ಕಣ್ತುಂಬ ನೋಡಿ, ಊಟಕ್ಕೂ ನಿಲ್ಲದೆ ಅವಳು ಹೊರಬಂದಳು. ಗೇಟಿನಾಚೆ ಆಟೋದಲ್ಲಿ ಮೋಹನ್ ಕುಮಾರ್ ಕಾಯುತ್ತಿದ್ದರು.

"ಗೆದ್ರಾ?"

"ಗೆದ್ದೆ."

ನಾಯಂಡಹಳ್ಳಿ ದಾಟುವವರೆಗೂ ಅವನ ಮುಖ ನೆನೆದು ನಕ್ಕಳು. ವಿಜಯನಗರ ಬರುವಷ್ಟರಲ್ಲಿ ನೆನೆಯಲು ಏನೂ ಉಳಿದಿರಲಿಲ್ಲ.

"ಆ ನಾಲ್ಕನೇ ಲೋಟ," ಎಂದಳು, ರಸ್ತೆಯನ್ನೇ ನೋಡುತ್ತಾ.

"ಸಿಹಿ ಸೇರಲ್ಲ ಅಂದ್ರಿ."

"ಇವತ್ತು ಮಾಡ್ಕೊಡಿ. ನಿಮಗೂ ಒಂದು ಲೋಟ ಇಟ್ಕೊಳ್ಳಿ."

ಮೋಹನ್ ಕುಮಾರ್ ಆಟೋದವನ ಹೆಗಲು ಮುಟ್ಟಿದರು. "ನಿಂಬೆಹಣ್ಣು ಕಂಡ ಕಡೆ ನಿಲ್ಸಪ್ಪ."