ಇಬ್ಬರೂ ಓದಿ ಬಿಟ್ಟದ್ದು

ಆ ಆಫೀಸಿನಲ್ಲಿ ಜಗಳವಾಡುವವರನ್ನು ಯಾರೂ ತಡೆಯುತ್ತಿರಲಿಲ್ಲ. ಜಗಳ ನಿಲ್ಲಿಸಿದವರನ್ನು ಮಾತ್ರ ಒಳಗೆ ಕರೆಸುತ್ತಿದ್ದರು.

"ಹೋದ ತಿಂಗಳಿಂದ ನಿಮ್ಮಿಬ್ಬರ ಮಧ್ಯೆ ಒಂದು ಭಿನ್ನಾಭಿಪ್ರಾಯನೂ ಇಲ್ವಲ್ಲ," ಎಂದರು ಕೀರ್ತನಾ ಮೇಡಂ, ಕನ್ನಡಕವನ್ನು ಹಣೆಗೇರಿಸಿ. "ಏನು ಸಮಾಚಾರ?"

ತನ್ಮಯಿ ದುಂಡೇಶನ ಕಡೆ ನೋಡಿದಳು. ಅವನೂ ಆಗಲೇ ಅವಳನ್ನು ನೋಡಿ, ಸಿಕ್ಕಿಬಿದ್ದವನಂತೆ ಕಿಟಕಿಯಾಚೆಯ ಟ್ರಾಫಿಕ್ ಮೇಲೆ ಕಣ್ಣಿಟ್ಟ.

ರಾಜಾಜಿನಗರದ ಆ ಎರಡನೇ ಮಹಡಿಯಲ್ಲಿ ನಡೆಯುವ ಕೆಲಸ ಕೇಳಲು ಸುಲಭ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಯಾವ ಔಷಧಿಯಿಂದ ಮಾಯುತ್ತದೆ ಎಂದು ಎಲ್ಲೆಲ್ಲೋ ನಡೆದ ಅಧ್ಯಯನಗಳನ್ನು ಹುಡುಕಿ ತಂದು, ನಂಬುವಂಥದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಬಿಟ್ಟು, ಎಲ್ಲ ಸೇರಿ ಏನು ಹೇಳುತ್ತವೆ ಎಂದು ಡಾಕ್ಟರುಗಳಿಗೆ ತಿಳಿಸುವುದು. ಒಂದೊಂದನ್ನೂ ಇಬ್ಬರು ಬೇರೆಬೇರೆಯಾಗಿ ಓದಬೇಕು. ಇಬ್ಬರ ತೀರ್ಮಾನವೂ ಬರುವ ತನಕ ಅದರ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು ಈ ಏರ್ಪಾಡು.

ಮೊದಮೊದಲು ಇಬ್ಬರೂ ಹಾವು ಮುಂಗುಸಿ. ಕುರುಬರಹಳ್ಳಿಯ ತನ್ಮಯಿ ಇಟ್ಟುಕೊಂಡದ್ದನ್ನು ಜಮಖಂಡಿಯ ದುಂಡೇಶ ಬಿಡುತ್ತಿದ್ದ. "ಇದರಾಗ ಏನ್ ಐತಿ ಅಂತ ಇಟ್ರಿ?" ಎಂದು ಅವನು ಕುರ್ಚಿ ಎಳೆದುಕೊಂಡು ಬಂದರೆ, ವಾದ ಮುಗಿಯುವ ಹೊತ್ತಿಗೆ ಕಾಫಿ ಆರಿ ತಣ್ಣಗಾಗಿರುತ್ತಿತ್ತು. ಸೋತಾಗ ಅವನ ಎಡಹುಬ್ಬು ಚೂರು ಮೇಲೇರುತ್ತಿತ್ತು. ಆ ಹುಬ್ಬು ನೋಡಲೆಂದೇ ಅವಳು ಗೆಲ್ಲುತ್ತಿದ್ದಳು. ಆಮೇಲೆ ಯಾವಾಗಲೋ ಗೆಲ್ಲುವುದೂ ಬೇಡವಾಯಿತು.

ಮೇಡಂ ಲ್ಯಾಪ್‌ಟಾಪ್ ತಿರುಗಿಸಿದರು. "ಇದು ಒಂದು ಸಣ್ಣ ಆಸ್ಪತ್ರೇಲಿ ನಡೆದ ಅಧ್ಯಯನ. ರೋಗಿಗಳು ಕಮ್ಮಿ, ಆದ್ರೆ ಅಚ್ಚುಕಟ್ಟಾಗಿ ಮಾಡಿದಾರೆ. ನಾವು ನೋಡ್ತಿರೋ ಮುಲಾಮು ಹಚ್ಚಿ ಹುಣ್ಣು ಹೆಚ್ಚಾದವರ ವಿಷಯ ಬರೆದಿರೋದು ಇದೊಂದರಲ್ಲೇ. ಇಬ್ಬರೂ ಬಿಟ್ಟಿದೀರ. ಯಾಕೆ?"

ತನ್ಮಯಿಯ ಕಿವಿ ಬಿಸಿಯಾಯಿತು. ಅವಳಿಗೆ ಚೆನ್ನಾಗಿ ನೆನಪಿತ್ತು. ನಿಜ ಹೇಳಿದರೆ ಮೇಡಂ ಇಬ್ಬರನ್ನೂ ಬೇರೆ ಮಾಡುವುದು ಖಂಡಿತ. ಎದುರು ಮೇಜಿನ ಆ ಮುಖ ಇಲ್ಲದ ಆಫೀಸನ್ನು ನೆನೆದರೇ ಅವಳಿಗೆ ಸಂಕಟವಾಗುತ್ತಿತ್ತು. ಹೇಳದಿದ್ದರೆ ಹೀಗೆ ಬಿಟ್ಟದ್ದು ಇನ್ನೆಷ್ಟಿದೆಯೋ, ಯಾರು ಬಲ್ಲರು.

"ನನಗೆ ಇಟ್ಕೋಬೇಕು ಅಂತಲೇ ಇತ್ತು ಮೇಡಂ," ಎಂದಳು. "ಇವರು ಬಿಡ್ತಾರೆ ಅನ್ನಿಸ್ತು. ಅದಕ್ಕೆ ಬಿಟ್ಟೆ."

ದುಂಡೇಶ ಗರಬಡಿದವನಂತೆ ತಿರುಗಿದ. "ಏನಂದ್ರಿ? ನಾನೂ ಇಡಬೇಕಂತನ ಮಾಡಿದ್ದೆ. ನೀವು ಬಿಡ್ತೀರಿ ಅನ್ಕೊಂಡು ಬಿಟ್ಟೆ."

ಮೇಡಂ ಇಬ್ಬರನ್ನೂ ಒಮ್ಮೆ ನೋಡಿದರು. "ಒಬ್ಬರೇ ಓದಿದ್ರೂ ಇದು ಉಳೀತಿತ್ತು. ಇಬ್ಬರು ಓದಿ ಕಳೆದಿದೀರ. ಹೋದ ತಿಂಗಳಿಂದ ನೀವು ಓದಿದ್ದೆಲ್ಲ ಬೇರೆಯವರು ಮತ್ತೆ ಓದ್ಲಿ."

"ನನ್ನ ಬ್ಯಾರೇದವರ ಜೊತಿ ಹಾಕ್ರಿ ಮೇಡಂ," ಎಂದ ದುಂಡೇಶ. "ಇವರ ಜೊತಿ ನನಗ ಆಗೂದಿಲ್ಲ."

ತನ್ಮಯಿ ಪೆಚ್ಚಾದಳು. ಸಂಜೆ ಯಾರಿಗೂ ಹೇಳದೆ ಬ್ಯಾಗೆತ್ತಿಕೊಂಡು ಮೆಟ್ಟಿಲಿಳಿದಳು. ಅವನು ಬಸ್‌ಸ್ಟಾಪಿನ ತನಕ ಹಿಂದೆಯೇ ಬಂದ.

"ಅಷ್ಟು ಬೇಗ ಬೇಡವಾದೆನಾ?" ಎಂದಳು, ರಸ್ತೆಯ ಕಡೆ ನೋಡುತ್ತ.

"ಓದಾಕ ಕುಂತ್ರ ನಿಮ್ಮ ಮಾರಿ ಕಣ್ಮುಂದ ಬರತೈತ್ರಿ. ಹಿಂಗ ಓದಿದ್ರ ಮಂದಿ ಕಾಲು ಹೋಗ್ತಾವು. ಅದಕ್ಕ ಅಂದೆ."

ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳಿಗೆ ಅವನೆಂದರೆ ಪ್ರೀತಿ, ಅದು ಇವತ್ತಿನದಲ್ಲ. ಕುರುಬರಹಳ್ಳಿಯ ಬಸ್ಸು ಬಂದು ನಿಂತು ಹೋಯಿತು. ಅವಳು ಹತ್ತಲಿಲ್ಲ.

"ನಿಮಗ ಒಂದ್ ಮಾತು ಕೇಳಬೇಕಂತಿದ್ದೆ," ಎಂದ ಅವನು. "ಕೇಳೂದಿಲ್ಲ ಬಿಡ್ರಿ. ಮನ್ಯಾಗ ಒಪ್ಪೂದಿಲ್ಲ, ಊರು ಬ್ಯಾರೆ, ಊಟ ಬ್ಯಾರೆ ಅಂತೀರಿ. ನನಗ ಗೊತ್ತೈತಿ."

"ನನ್ನ ಉತ್ತರ ಮತ್ತೆ ನೀವೇ ಬರೀತಿದೀರ. ಸುಮ್ನೆ ಕೇಳಿ."

ಅವನು ಕೇಳಿದ. ಆಟೊ ಹಾರ್ನಿನಲ್ಲಿ ಅರ್ಧ ಮಾತು ಮುಳುಗಿಹೋಯಿತು.

"ಸರಿಯಾಗಿ ಕೇಳಿಸ್ಲಿಲ್ಲ. ಊಹೆ ಮಾಡ್ಕೊಳ್ಳಲ್ಲ ನಾನು, ಇನ್ನೊಂದ್ಸಲ ಹೇಳಿ."

"ನನ್ನ ಮದುವಿ ಆಗ್ತೀರೇನ್ರಿ?" ಎಂದ, ಸ್ಟಾಪಿನಲ್ಲಿದ್ದವರೆಲ್ಲ ತಿರುಗುವಷ್ಟು ಗಟ್ಟಿಯಾಗಿ.

ತನ್ಮಯಿ ಅವನ ಮುಖ ನೋಡಲಿಲ್ಲ. ಅಲ್ಲೇನಿದೆ ಎಂದು ಹುಡುಕಲಿಲ್ಲ. ತಾನೊಬ್ಬಳೇ ಯೋಚಿಸಿ, "ಆಗ್ತೀನಿ," ಎಂದಳು.