ಅಮ್ಮನ ಮನೆಯ ಮಣ್ಣು

"ಮುಟ್ಬೇಡಿ! ಒಂದು ಹಿಡಿ ಮಣ್ಣು ಎತ್ತಿದ್ರೂ ನಾನು ಸುಮ್ನಿರಲ್ಲ!"

ಓಡಿಬಂದ ಶಾಮಲಮ್ಮ ಕದಿರೇಶನ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

ಅವನು ತಬ್ಬಿಬ್ಬಾದ. ಮುಳಬಾಗಿಲಿನ ಈ ಎಂಜಿನಿಯರ್ ಗೌನಿಪಲ್ಲಿಗೆ ಬಂದು ವಾರವಾಗಿತ್ತಷ್ಟೇ. ಅವನ ಮುಂದಿದ್ದದ್ದು ಬಿದ್ದ ಮನೆಯೊಂದರ ಮಣ್ಣಿನ ಗುಡ್ಡೆ.

"ಹೋದ ವರ್ಷ, ಎಂಬತ್ಮೂರರ ಮಳೇಲಿ ಈ ಗೋಡೆ ಕೆಳಗೇ ನಮ್ಮಮ್ಮ ಸತ್ತಿದ್ದು... ಗೊತ್ತಾ ನಿಮಗೆ?"

ಗೊತ್ತಿತ್ತು. ಅವನು ತಲೆತಗ್ಗಿಸಿ ಬರಿಗೈಯಲ್ಲಿ ಹೊರಟುಹೋದ.

ಶಾಮಲಮ್ಮ ಊರಿನ ಬಾಲವಾಡಿಯ ಟೀಚರು. ಇದ್ದದ್ದು ತಗಡಿನ ಸೂರಿನ ಒಂದೇ ಕೋಣೆ. ಬೇಸಿಗೆಯಲ್ಲಿ ಮಕ್ಕಳು ಕಾವಿಗೆ ತಲೆಸುತ್ತಿ ಬೀಳುತ್ತಿದ್ದರು. ಹೊಸದನ್ನು ಕಟ್ಟಲು ಬಂದ ಕದಿರೇಶ ಊರಿನ ಮಣ್ಣಿಗೇ ಚೂರು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುತ್ತಿದ್ದ. ದಪ್ಪ ಗೋಡೆ, ಬಿಸಿಗಾಳಿ ಹೊರಹೋಗಲು ಮೇಲೆ ಕಿಂಡಿ, ಹೆಂಚಿನ ಮೇಲೆ ಬಿದ್ದ ಮಳೆನೀರು ಹಿಡಿಯಲು ತೊಟ್ಟಿ...

ಮರುದಿನ ಶಾಮಲಮ್ಮ ನೋಡಿದರೆ ಗುಡ್ಡೆ ಅರ್ಧ ಖಾಲಿ!

ಛೆ, ಎಂಥ ಕಲ್ಲೆದೆ ಇವನದು!

ಅಂದಿನಿಂದ ಮಾತು ನಿಂತಿತು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮಕ್ಕಳು ಎಲ್ಲಿ ಮಲಗುತ್ತಾರೆ ಎಂದು ಅವನು ಕೇಳಿದರೂ ಮುಖ ತಿರುಗಿಸಿ ಹೋಗುವಳು. ಅವನು ಮಾತ್ರ ಅವಳು ಹೋದ ದಾರಿಯನ್ನೇ ನೋಡುತ್ತ ನಿಲ್ಲುವನು.

"ಅಮ್ಮಾ ಶಾಮಲಾ, ಒಂದು ಮಾತು..." ಎಂದ ಒಂದು ದಿನ ಅಪ್ಪ ಎಲ್ಲಪ್ಪ.

"ಅವರ ವಿಷಯ ಆದ್ರೆ ಬೇಡಪ್ಪ!"

ಎಲ್ಲಪ್ಪ ಟವೆಲ್ ಹೆಗಲಿಗೇರಿಸಿ ತೋಟಕ್ಕೆ ಹೊರಟ.

ಗೋಡೆ ಕಿಟಕಿ ಮಟ್ಟಕ್ಕೆ ಬಂದಾಗ, ಹಿಪ್ಪುನೇರಳೆ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದ ಎಲ್ಲಪ್ಪ ಮತ್ತೆ ಏಳಲೇ ಇಲ್ಲ.

ತಿಂಗಳ ತಿಥಿ ಮುಗಿದ ಮೇಲೆ ಅಪ್ಪನ ತಂಗಿ ಚಿಕ್ಕಗಂಗಮ್ಮ ಅವಳ ತಲೆ ಸವರಿದಳು.

"ತಲ್ಲೀ, ನನ್ನ ತಾಯೀ, ಆ ಮಣ್ಣು ಕೊಟ್ಟಿದ್ದು ನಿಮ್ಮಪ್ಪನೇ ಕಣೇ. ದಿನಾ ಅದನ್ನ ನೋಡ್ತಿದ್ರೆ ಅನ್ನ ಇಳಿಯಲ್ಲ, ಮಕ್ಕಳಿಗಾದ್ರೂ ನೆರಳಾಗ್ಲಿ ಅಂದ. ಮಗಳಿಗೆ ನಾನೇ ಹೇಳ್ತೀನಿ, ನೀವು ಹೇಳ್ಬೇಡಿ ಅಂತ ಆ ಎಂಜಿನಿಯರ್ ಹತ್ರ ಮಾತು ತಗೊಂಡಿದ್ದ..."

ಶಾಮಲಮ್ಮ ದಿಗ್ಗನೆ ಎದ್ದಳು. ಅಪ್ಪ ಹೇಳಲು ಬಂದದ್ದು ಇದನ್ನೇ... ನಾನು ಕೇಳಿಸಿಕೊಳ್ಳಲಿಲ್ಲವಲ್ಲ!

ಉರಿಬಿಸಿಲಲ್ಲಿ ಓಡಿದಳು. ಹೆಂಚು ಹೊದಿಸಿ ಮುಗಿದಿದ್ದ ಬಾಲವಾಡಿಯೊಳಗೆ ಕದಿರೇಶನೊಬ್ಬನೇ ನೆಲ ಒರೆಸುತ್ತಿದ್ದ.

"ಅಪ್ಪ ಹೋದ್ಮೇಲಾದ್ರೂ ಹೇಳ್ಬಾರ್ದಿತ್ತಾ?"

ಅವನು ಮೆಲ್ಲಗೆ ಎದ್ದು ನಿಂತ.

"ಹೋದೋರ ಮೇಲೆ ನಿಮಗೆ ಕೋಪ ಉಳೀಬಾರ್ದು ಅನ್ನಿಸ್ತು. ನನ್ನ ಮೇಲಿದ್ರೆ... ತಡ್ಕೋತೀನಿ."

"ಯಾಕೆ? ನಿಮಗ್ಯಾಕೆ ಆ ಕರ್ಮ?"

"ನೀವಂದ್ರೆ ನನಗೆ ಪ್ರಾಣ, ಶಾಮಲಾ..."

ಅವಳು ಗೋಡೆಗೆ ಅಂಗೈ ಒತ್ತಿದಳು. ಹೊರಗೆ ಬೆಂಕಿಯಂಥ ಬಿಸಿಲು, ಗೋಡೆ ಮಾತ್ರ ತಣ್ಣಗಿತ್ತು. ಅಮ್ಮ, ಅಪ್ಪ, ಇಬ್ಬರೂ ಇಲ್ಲ. ಹಣೆ ಆನಿಸಿ ಬಿಕ್ಕಿಬಿಕ್ಕಿ ಅತ್ತಳು. ಅವನು ತಡೆಯಲಿಲ್ಲ.

"ಇದೂ ಬಿದ್ರೆ?" ಎಂದಳು ಕೊನೆಗೆ.

"ಕಲ್ಲಿನ ತಳಪಾಯ ಹಾಕಿದೀನಿ. ಮಳೆ ಗೋಡೆಗೆ ತಾಕದಂಗೆ ಸೂರು ಮುಂದಕ್ಕೆ ಬಿಟ್ಟಿದೀನಿ. ಆದ್ರೂ ಪ್ರತಿ ಮಳೆಗಾಲ ಬಂದು ನೋಡ್ಕೊಂಡು ಹೋಗ್ತೀನಿ."

"ಬಂದು ಹೋಗೋದು ಬೇಡ..." ಅವಳು ಕಣ್ಣೊರೆಸಿಕೊಂಡಳು. "ಇಲ್ಲೇ ಇದ್ಬಿಡಿ."

"ಇರ್ತೀನಿ," ಎಂದ ಕದಿರೇಶ. "ನೀನು ಹೋಗು ಅಂದ್ರೂ ಇರ್ತೀನಿ."